ಬಡಿಸುವ ಕೈಗೊಂದು ಲೆಕ್ಕ

ಹನ್ನೆರಡು ವರ್ಷದ ಹುಡುಗಿಗೆ ದಿನಕ್ಕೆ 2060 ಕಿಲೋಕ್ಯಾಲರಿ ಶಕ್ತಿ, 33 ಗ್ರಾಂ ಪ್ರೋಟೀನ್, 850 ಮಿಲಿಗ್ರಾಂ ಕ್ಯಾಲ್ಸಿಯಂ, 28 ಮಿಲಿಗ್ರಾಂ ಕಬ್ಬಿಣ ಬೇಕು. ಅದೇ ವಯಸ್ಸಿನ ಹುಡುಗನಿಗೆ ಕಬ್ಬಿಣ 16 ಮಿಲಿಗ್ರಾಂ ಸಾಕು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಮತ್ತು ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2020ರಲ್ಲಿ ಪರಿಷ್ಕರಿಸಿದ ಕೋಷ್ಟಕ ಹೇಳುವುದು ಹೀಗೆ. ಹುಟ್ಟಿದ ಕೂಸಿನಿಂದ ಅರವತ್ತು ದಾಟಿದವರವರೆಗೆ ಪ್ರತಿ ವಯಸ್ಸಿಗೂ, ಪ್ರತಿ ಅವಸ್ಥೆಗೂ ಅದರಲ್ಲಿ ಒಂದೊಂದು ಸಾಲಿದೆ.

ಈ ಕೋಷ್ಟಕವನ್ನು ಹಿಡಿದು ರಾಮನಗುಳಿಯ ಒಂದು ಮನೆಯ ಅಡುಗೆಕೋಣೆ ಹೊಕ್ಕರೆ ಏನಾದೀತು? ಅಂಕೋಲೆಯಿಂದ ಹುಬ್ಬಳ್ಳಿಗೆ ಹೋಗುವ ಹೆದ್ದಾರಿಯಲ್ಲಿ, ಅರಬೈಲ್ ಘಟ್ಟ ಹತ್ತುವುದಕ್ಕೆ ಮೊದಲು, ಗಂಗಾವಳಿಯ ದಂಡೆಯಲ್ಲಿರುವ ಊರು ಇದು. ಒಂದು ಕಡೆ ಅಡಿಕೆ ತೋಟ, ಗದ್ದೆ. ಇನ್ನೊಂದು ಕಡೆ ಕಾಡು. ನಡುವೆ ಹಗಲಿರುಳು ಓಡುವ ಲಾರಿಗಳು. ಸುತ್ತಲಿನ ಊರುಗಳಲ್ಲಿ ಹಾಲಕ್ಕಿ ಒಕ್ಕಲಿಗರಿದ್ದಾರೆ, ಹವ್ಯಕರಿದ್ದಾರೆ. ಘಟ್ಟದ ಕಡೆಗೆ ಸಿದ್ದಿಗಳೂ ಇದ್ದಾರೆ. ಒಂದೇ ನದಿಯ ನೀರು ಕುಡಿಯುವವರ ತಟ್ಟೆಗಳು ಒಂದೇ ಬಗೆಯವಲ್ಲ.

ಲೆಕ್ಕಕ್ಕೆಂದು ಒಂದು ಮನೆಯನ್ನು ಕಲ್ಪಿಸಿಕೊಳ್ಳೋಣ. ಅರವತ್ತೈದರ ಅಜ್ಜಿ, ಅಡಿಕೆ ಮರ ಹತ್ತಿ ಕೊನೆ ಇಳಿಸುವ ಮಗ, ನಾಲ್ಕು ತಿಂಗಳ ಕೂಸಿಗೆ ಹಾಲೂಡುವ ಸೊಸೆ, ಶಾಲೆಗೆ ಹೋಗುವ ಹನ್ನೆರಡರ ಹುಡುಗಿ, ಅಂಗನವಾಡಿಗೆ ಹೋಗುವ ಐದರ ಪೋರ. ಕಷ್ಟದ ದುಡಿಮೆಯ ಗಂಡಸಿಗೆ ಕೋಷ್ಟಕ ಹೇಳುವುದು 3470 ಕಿಲೋಕ್ಯಾಲರಿ. ಮಧ್ಯಮ ದುಡಿಮೆಯ ಹೆಂಗಸಿಗೆ 2130; ಹಾಲೂಡಿಸುವ ಮೊದಲ ಆರು ತಿಂಗಳು ಅದರ ಮೇಲೆ 600. ಪೋರನಿಗೆ 1360, ಅಜ್ಜಿಗೆ ಸುಮಾರು 1500. ಹುಡುಗಿಯದೂ ಸೇರಿದರೆ ಮನೆಗೆ ದಿನಕ್ಕೆ ಹನ್ನೊಂದು ಸಾವಿರ ಕಿಲೋಕ್ಯಾಲರಿಗೂ ಮೇಲೆ. ಆಹಾರ ಭದ್ರತಾ ಕಾಯ್ದೆಯಂತೆ ತಲೆಗೆ ತಿಂಗಳಿಗೆ 5 ಕೆ.ಜಿ. ಅಕ್ಕಿ ಬಂದರೆ ಕೂಸನ್ನು ಬಿಟ್ಟು ಐವರಿಗೆ 25 ಕೆ.ಜಿ. ದಿನಕ್ಕೆ ಮುಕ್ಕಾಲು ಕೆ.ಜಿ.ಗಿಂತ ತುಸು ಹೆಚ್ಚು, ಅಂದರೆ ಸುಮಾರು 2900 ಕಿಲೋಕ್ಯಾಲರಿ. ಬೇಕಾದ್ದರ ಕಾಲುಪಾಲು. ಉಳಿದ ಮುಕ್ಕಾಲನ್ನು ಗದ್ದೆ, ಕೂಲಿ, ತೆಂಗಿನಮರ, ಮೀನಿನ ಬುಟ್ಟಿ, ಕಾಡು ತುಂಬಬೇಕು.

ಇಂಥ ಲೆಕ್ಕಕ್ಕೆ ಬೆಲೆ ಎಷ್ಟು? ಒಂದು ಪಕ್ಷ ಹೇಳುತ್ತದೆ: ಈ ಅಂಕಿಗಳಿಲ್ಲದೆ ಬಡವರ ತಟ್ಟೆಗೆ ನ್ಯಾಯವಿಲ್ಲ. ಇನ್ನೊಂದು ಪಕ್ಷ ಹೇಳುತ್ತದೆ: ಊಟವನ್ನು ಮಿಲಿಗ್ರಾಂಗೆ ಇಳಿಸಿದರೆ ಉಣ್ಣುವ ಮನುಷ್ಯನೇ ಕಣ್ಮರೆಯಾಗುತ್ತಾನೆ. ಎರಡೂ ಕಡೆ ಹುರುಳಿದೆ.

ಮೊದಲು ಅಂಕಿಯ ಪಕ್ಷದವರ ಮಾತು. ಭಾರತೀಯರಿಗೆ ಎಷ್ಟು ಆಹಾರ ಬೇಕೆಂಬ ಶಿಫಾರಸು ಮೊದಲು ಬಂದದ್ದು 1944ರಲ್ಲಿ, ಬಂಗಾಳದ ಕ್ಷಾಮದ ಬೆನ್ನಿಗೆ. ಹಸಿವು ಹೊಟ್ಟೆಯಲ್ಲಿದ್ದಷ್ಟು ದಿನ ಅದು ಬರೀ ನೋವು. ಅಂಕಿಯಾದ ಮೇಲೆ ಅದು ಬಾಕಿ. ಬಾಕಿಯನ್ನು ಕೇಳಿ ಪಡೆಯಬಹುದು. 2013ರ ಆಹಾರ ಭದ್ರತಾ ಕಾಯ್ದೆಯ ಮೂಲ ಎರಡನೇ ಅನುಸೂಚಿಯಲ್ಲಿ ಇದು ಅಕ್ಷರಶಃ ನಡೆಯಿತು. ಅಂಗನವಾಡಿಯ ಮಗುವಿಗೆ 500 ಕಿಲೋಕ್ಯಾಲರಿ, 12ರಿಂದ 15 ಗ್ರಾಂ ಪ್ರೋಟೀನ್. ತೀರ ಸೊರಗಿದ ಮಗುವಿಗೆ 800 ಕಿಲೋಕ್ಯಾಲರಿ. ಬಸುರಿ, ಬಾಣಂತಿಗೆ 600 ಕಿಲೋಕ್ಯಾಲರಿ, 18ರಿಂದ 20 ಗ್ರಾಂ ಪ್ರೋಟೀನ್. ಕಿರಿಯ ಪ್ರಾಥಮಿಕ ಶಾಲೆಯ ಬಿಸಿಯೂಟಕ್ಕೆ 450 ಕಿಲೋಕ್ಯಾಲರಿ, ಹಿರಿಯ ಪ್ರಾಥಮಿಕಕ್ಕೆ 700. ಇದು ದಯೆ ದಾಕ್ಷಿಣ್ಯದ ಮಾತಲ್ಲ, ಕಾನೂನು. ನೀರುನೀರಾದ ಸಾರು ಬಡಿಸಿದರೆ ತಾಯಿಯೊಬ್ಬಳು 'ಇದರಲ್ಲಿ ಬೇಳೆ ಎಲ್ಲಿ' ಎಂದು ಕೇಳಲು ಈ ಅಂಕಿಯೇ ಬಲ.

ಎರಡನೆಯ ಮಾತು, ಕಣ್ಣು ಕಾಣದ್ದನ್ನು ಅಂಕಿ ಕಾಣುತ್ತದೆ. ನಮ್ಮ ಮನೆಗಳಲ್ಲಿ ಕೊನೆಗೆ ಉಣ್ಣುವವರು ಹೆಂಗಸರು. ಮೀನಿನ ದೊಡ್ಡ ತುಂಡು ದುಡಿದು ಬಂದವನಿಗೆ, ನಡುವಿನದು ಮಕ್ಕಳಿಗೆ, ಸಾರು ಮಾಡಿದವಳಿಗೆ ಉಳಿದ ಸಾರು. 'ಎಲ್ಲರೂ ಹೊಟ್ಟೆ ತುಂಬಾ ಉಂಡರು' ಎನ್ನುವ ಮಾತಿನಲ್ಲಿ ಸುಳ್ಳಿಲ್ಲ; ಆದರೆ ಹೊಟ್ಟೆ ತುಂಬಿಸಿದ್ದು ಅನ್ನ. ಅಕ್ಕಿ ಶಕ್ತಿ ಕೊಡುತ್ತದೆ, ಕಬ್ಬಿಣ ಕೊಡುವುದಿಲ್ಲ. ಹುಡುಗಿ ದಿನಕ್ಕೆ 350 ಗ್ರಾಂ ಅಕ್ಕಿಯ ಅನ್ನ ಉಂಡರೂ ಅದರಿಂದ ಸಿಗುವ ಕಬ್ಬಿಣ ಮೂರ್ನಾಲ್ಕು ಮಿಲಿಗ್ರಾಂ ದಾಟದು. ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಶೇ 47.8 ಮಂದಿಗೆ ರಕ್ತಹೀನತೆ. ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ 35.4 ಮಕ್ಕಳು ವಯಸ್ಸಿಗೆ ತಕ್ಕ ಎತ್ತರ ಬೆಳೆದಿಲ್ಲ. ಕುಳ್ಳಗಿನ ಮಗುವನ್ನು ನೋಡಿ 'ಅಪ್ಪನ ಹಾಗೆ' ಅನ್ನುತ್ತೇವೆ. ಅಪ್ಪನೂ ಹಾಗೇಕೆ ಉಳಿದ ಎಂದು ಕೇಳುವುದನ್ನು ಕಲಿಸಿದ್ದು ಅಳತೆ.

ಮೂರನೆಯ ಮಾತು ವಯಸ್ಸಿನದು. ಅಜ್ಜಿಯ ಸಾಲನ್ನು ಗಮನವಿಟ್ಟು ಓದಿದರೆ ಸಂಪ್ರದಾಯ ತಪ್ಪುವ ಜಾಗ ಕಾಣುತ್ತದೆ. ವಯಸ್ಸಾದಂತೆ ಶಕ್ತಿಯ ಅಗತ್ಯ ಇಳಿಯುತ್ತದೆ. ಪ್ರೋಟೀನಿನ ಅಗತ್ಯ ಇಳಿಯುವುದಿಲ್ಲ, ಕ್ಯಾಲ್ಸಿಯಂ 1000ದಿಂದ 1200 ಮಿಲಿಗ್ರಾಂಗೆ ಏರುತ್ತದೆ. ಎಂದರೆ ಅಜ್ಜಿ ಉಣ್ಣುವ ತುತ್ತು ಕಡಿಮೆಯಾಗಬಹುದು, ಒಂದೊಂದು ತುತ್ತಿನ ಸತ್ವ ಮಾತ್ರ ಹೆಚ್ಚಬೇಕು. ನಮ್ಮಲ್ಲಿ ನಡೆಯುವುದು ತಿರುಗಾಮುರುಗಾ. ಹಲ್ಲು ಹೋಯಿತು, ಅರಗುವುದಿಲ್ಲ ಎಂದು ಅಜ್ಜಿಗೆ ಗಂಜಿ, ಉಪ್ಪಿನಕಾಯಿ. ಐದರ ಪೋರನದು ಇದೇ ಕಥೆಯ ಇನ್ನೊಂದು ತುದಿ. ಹೊಟ್ಟೆ ಚಿಕ್ಕದು, ಬೆಳವಣಿಗೆ ದೊಡ್ಡದು. ತೆಳ್ಳನೆಯ ಗಂಜಿಯಿಂದ ಆ ಹೊಟ್ಟೆ ತುಂಬುತ್ತದೆ, ಮೈ ತುಂಬುವುದಿಲ್ಲ. ಬಸುರಿ ಹೆಚ್ಚು ಉಂಡರೆ ಕೂಸು ದೊಡ್ಡದಾಗಿ ಹೆರಿಗೆ ಕಷ್ಟ ಎಂಬ ಹೆದರಿಕೆ ಇನ್ನೂ ಎಷ್ಟೋ ಮನೆಗಳಲ್ಲಿದೆ. ಕೋಷ್ಟಕವೋ ಬಸುರಿಗೆ ದಿನಕ್ಕೆ 350 ಕಿಲೋಕ್ಯಾಲರಿ ಹೆಚ್ಚು ಬೇಕು, ಕೊನೆಯ ಮೂರು ತಿಂಗಳು ಪ್ರೋಟೀನ್ 22 ಗ್ರಾಂ ಹೆಚ್ಚು ಬೇಕು ಎನ್ನುತ್ತದೆ. ಇಲ್ಲಿ ಸರಿಯಿರುವುದು ಕೋಷ್ಟಕ, ಹೆದರಿಕೆಯಲ್ಲ.

ಇನ್ನು ಎದುರು ಪಕ್ಷ. ಅವರ ಮೊದಲ ಪ್ರಶ್ನೆ: ಈ ಕೋಷ್ಟಕದ ಮನುಷ್ಯ ಯಾರು? ಅವನಿಗೆ 'ಪ್ರಮಾಣ ಪುರುಷ' ಎನ್ನೋಣ. 2020ರ ಪರಿಷ್ಕರಣೆಯಲ್ಲಿ ಅವನ ತೂಕ 65 ಕೆ.ಜಿ., ಅವಳದು 55. ಅದಕ್ಕೆ ಹತ್ತು ವರ್ಷ ಹಿಂದಿನ ಕೋಷ್ಟಕದಲ್ಲಿ ಅವನು 60 ಕೆ.ಜಿ. ಇದ್ದ. ಅಡಿಕೆ ಮರದಿಂದ ಮರಕ್ಕೆ ಹಾರುವ ಕೊನೆಗೌಡನಿಗೆ 65 ಕೆ.ಜಿ. ಮೈ ಇದ್ದರೆ ಮರವೇ ಬಾಗೀತು. ಕೆಲಸವೂ ವರ್ಷವಿಡೀ ಒಂದೇ ಹದದ್ದಲ್ಲ. ಕೊನೆಕೊಯ್ಲಿನ ತಿಂಗಳುಗಳಲ್ಲಿ, ನಾಟಿಯ ದಿನಗಳಲ್ಲಿ ಮೈಮುರಿಯುವ ದುಡಿಮೆ. ಧೋ ಎಂದು ಸುರಿಯುವ ಆಷಾಢದಲ್ಲಿ ಜಗುಲಿ. 'ಹಗುರ, ಮಧ್ಯಮ, ಕಷ್ಟ' ಎಂಬ ಮೂರು ಮನೆಗಳಲ್ಲಿ ಒಬ್ಬನೇ ಮನುಷ್ಯ ವರ್ಷದಲ್ಲಿ ಮೂರನ್ನೂ ಹೊಕ್ಕು ಬರುತ್ತಾನೆ. ಅಜ್ಜಿಯರದಂತೂ ಕೇಳುವುದೇ ಬೇಡ. ಇದೇ ಅಂಕೋಲೆ ತಾಲೂಕಿನ ಹೊನ್ನಳ್ಳಿಯ ತುಳಸಿ ಗೌಡರು ಅರಣ್ಯ ಇಲಾಖೆಯ ಸಸಿಮಡಿಗಳಲ್ಲಿ ದುಡಿದು, ಇಳಿವಯಸ್ಸಿನಲ್ಲೂ ಗಿಡ ನೆಡುತ್ತಲೇ ಇದ್ದು, 2024ರ ಡಿಸೆಂಬರಿನಲ್ಲಿ ತೀರಿಕೊಂಡರು. ಅರವತ್ತು ದಾಟಿದ ಹೆಂಗಸು ಎಂದರೆ ಕೂತು ಉಣ್ಣುವವಳು ಎಂಬ ಎಣಿಕೆಗೆ ಅಂಥವರು ಸಿಗುವುದಿಲ್ಲ.

ಎರಡನೆಯ ಆಕ್ಷೇಪ, ಅಂಕಿಯೇ ನಿಂತಲ್ಲಿ ನಿಲ್ಲುವುದಿಲ್ಲ. 2010ರಲ್ಲಿ ವಯಸ್ಕರಿಗೆ 600 ಮಿಲಿಗ್ರಾಂ ಕ್ಯಾಲ್ಸಿಯಂ ಸಾಕಿತ್ತು. 2020ರಲ್ಲಿ 1000 ಆಯಿತು. ಹೆಂಗಸಿಗೆ ಕಬ್ಬಿಣ 21ರಿಂದ 29ಕ್ಕೆ ಏರಿತು. ಬಸುರಿಗೆ 35ರಿಂದ 27ಕ್ಕೆ ಇಳಿಯಿತು. ತಟ್ಟೆಯಲ್ಲಿ ಒಂದು ಅಗುಳೂ ಬದಲಾಗದೆ ನಿನ್ನೆ ಸರಿಯಿದ್ದವಳು ಇಂದು ಕೊರತೆಯವಳಾದಳು. ವಿಜ್ಞಾನ ತನ್ನನ್ನು ತಾನು ತಿದ್ದಿಕೊಳ್ಳುವುದು ಅದರ ಹಿರಿಮೆಯೇ ಸರಿ. ಆದರೆ ತಿದ್ದುಪಡಿಗೆ ಒಳಗಾಗುವ ಅಂಕಿಯನ್ನು ಶಿಲಾಶಾಸನದಂತೆ ಓದಬಾರದು.

ಮೂರನೆಯದು ಎಲ್ಲಕ್ಕಿಂತ ಸೂಕ್ಷ್ಮವಾದದ್ದು, ಮತ್ತು ಅದನ್ನು ಗಟ್ಟಿಯಾಗಿ ಹೇಳಿದವರಲ್ಲಿ ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಅನುರಾ ಕುರ್ಪಾಡ್ ಒಬ್ಬರು. ಕೋಷ್ಟಕದಲ್ಲಿ ಈಗ ಎರಡು ಬಗೆಯ ಅಂಕಿಗಳಿವೆ. 'ಸರಾಸರಿ ಅಗತ್ಯ' ಎಂಬುದು ಜನರಲ್ಲಿ ಅರ್ಧದಷ್ಟು ಮಂದಿಗೆ ಸಾಕಾಗುವ ಪ್ರಮಾಣ. 'ಶಿಫಾರಸು ಪ್ರಮಾಣ' ಎಂಬುದು ನೂರಕ್ಕೆ ತೊಂಬತ್ತೇಳು ಮಂದಿಗಾದರೂ ಸಾಕಾಗಲಿ ಎಂದು ಮೇಲಕ್ಕೆ ಏರಿಸಿಟ್ಟದ್ದು. ಹೆಂಗಸಿಗೆ ಕಬ್ಬಿಣದ ಶಿಫಾರಸು 29 ಮಿಲಿಗ್ರಾಂ; ಸರಾಸರಿ ಅಗತ್ಯ 15 ಮಾತ್ರ. ಗಂಗಾವಳಿಗೆ ಸೇತುವೆ ಕಟ್ಟುವವನು ಮಹಾಪೂರದ ಗುರುತು ನೋಡಿ ಎತ್ತರ ನಿಶ್ಚಯಿಸುತ್ತಾನೆ. ಸೇತುವೆಯ ಮಟ್ಟಕ್ಕೆ ನೀರು ಬರಲಿಲ್ಲವೆಂದು ನದಿ ಬತ್ತಿತು ಎಂದು ಯಾರೂ ಗೋಳಾಡುವುದಿಲ್ಲ. ಊರಿಗೆ ಊರೇ ಶಿಫಾರಸು ಮುಟ್ಟಲಿಲ್ಲವೆಂದು ಎಲ್ಲರನ್ನೂ ಕೊರತೆಯವರೆಂದು ಬರೆದರೆ ಆಗುವುದು ಅದೇ ತಪ್ಪು. ಶಕ್ತಿಯ ವಿಷಯದಲ್ಲಿ ಮಾತ್ರ ಮೇಲಕ್ಕೆ ಏರಿಸಿಟ್ಟ ಅಂಕಿ ಇಲ್ಲ. ಹೆಚ್ಚಾದದ್ದು ಕೊಬ್ಬಾಗಿ ಮೈಗೆ ಹತ್ತುತ್ತದೆಯಾದ್ದರಿಂದ ಅಲ್ಲಿರುವುದು ಸರಾಸರಿಯೊಂದೇ.

ತಪ್ಪು ಓದಿಗೆ ಬೆಲೆ ತೆರಬೇಕಾಗುತ್ತದೆ. ರಕ್ತಹೀನತೆಗೆ ಮದ್ದೆಂದು ಪಡಿತರದ ಅಕ್ಕಿಗೆ ಕಬ್ಬಿಣ ಬೆರೆಸಿದ ಕಾಳು ಸೇರಿಸುವ ಯೋಜನೆಯನ್ನು ಪ್ರಧಾನಿ 2021ರ ಆಗಸ್ಟ್ 15ರಂದು ಘೋಷಿಸಿದರು. ಎಲ್ಲರಿಗೂ ಒಂದೇ ಅಳತೆಯಲ್ಲಿ ಕಬ್ಬಿಣ ಉಣಿಸುವುದು ಬೇಕೇ, ಅಗತ್ಯವಿಲ್ಲದ ಗಂಡಸಿನ ಮೈಗೂ ಅದು ಹೋಗಬೇಕೇ ಎಂದು ಕುರ್ಪಾಡ್ ಮತ್ತಿತರರು ಕೇಳಿದರು. ಹಳ್ಳಿಯ ಹೆಂಗಸರು ತಮ್ಮದೇ ರೀತಿಯಲ್ಲಿ ಉತ್ತರಿಸಿದರು. ತೊಳೆಯುವಾಗ ತೇಲಿದ ಕಾಳನ್ನು 'ಪ್ಲಾಸ್ಟಿಕ್ ಅಕ್ಕಿ' ಎಂದು ಆರಿಸಿ ಚೆಲ್ಲಿದರು. ಅವರ ಅನುಮಾನ ತಪ್ಪು. ಯಾರೂ ಏನನ್ನೂ ಹೇಳದೆ ತಟ್ಟೆಗೆ ಬಂದದ್ದನ್ನು ಅನುಮಾನಿಸಿದ್ದು ತಪ್ಪಲ್ಲ.

ಇಲ್ಲಿಯೇ ಎದುರು ಪಕ್ಷದ ನಾಲ್ಕನೆಯ ಮಾತು ಬರುತ್ತದೆ: ಊಟವೆಂದರೆ ಪೋಷಕಾಂಶಗಳ ಮೊತ್ತವಲ್ಲ. ಕರಾವಳಿಯ ಕುಚ್ಚಲಕ್ಕಿಯನ್ನೇ ನೋಡಿ. ಭತ್ತವನ್ನು ಬೇಯಿಸಿ ಒಣಗಿಸುವಾಗ ಹೊಟ್ಟಿನ ಬಳಿಯ ಬಿ1 ಜೀವಸತ್ವ ಕಾಳಿನೊಳಕ್ಕೆ ಇಳಿಯುತ್ತದೆ. ಗಿರಣಿಯಲ್ಲಿ ಪಾಲಿಶ್ ಮಾಡಿದರೂ ಅಷ್ಟಾಗಿ ಹೋಗದು. ಜೀವಸತ್ವವೆಂಬ ಪದ ಹುಟ್ಟುವ ಮೊದಲೇ ಅಜ್ಜಿಯರು ಇದನ್ನು ಮಾಡುತ್ತಿದ್ದರು. ಕೋಕಮ್ ಎನ್ನುವ ಮುರುಗಲು, ಉಪ್ಪಾಗೆ, ಅಪ್ಪೆಮಾವು ಇವುಗಳ ಹುಳಿ ಸೊಪ್ಪಿನ ಕಬ್ಬಿಣವನ್ನು ಮೈಗೆ ಹಿಡಿಸಲು ನೆರವಾಗುತ್ತದೆ. ಮೀನು ಜೊತೆಗಿದ್ದರೆ ಇನ್ನೂ ಒಳ್ಳೆಯದು. ಊಟದ ಬೆನ್ನಿಗೇ ಕುಡಿಯುವ ಕಡು ಚಾ ಅದನ್ನೇ ತಡೆಯುತ್ತದೆ. ಕಬ್ಬಿಣ ಎಷ್ಟು ತಿಂದೆವು ಎನ್ನುವಷ್ಟೇ ಮುಖ್ಯ ಯಾವುದರ ಜೊತೆ ತಿಂದೆವು ಎನ್ನುವುದು. ಮುಳ್ಳಿನ ಸಮೇತ ಅಗಿದು ತಿನ್ನುವ ಸಣ್ಣ ಮೀನು ಕ್ಯಾಲ್ಸಿಯಂ ಕೊಡುತ್ತದೆ. ಬಸಳೆ, ಹರಿವೆ, ನುಗ್ಗೆಸೊಪ್ಪು, ಒಂದೆಲಗದ ತಂಬುಳಿ, ಮಳೆಗಾಲದ ಕಳಲೆ, ಸಿದ್ದಿಗಳ ಚಗಳಿ ಇರುವೆಯ ಚಟ್ನಿ, ಇವು ಯಾವುವೂ ಸಪ್ಪೆ ಊಟವಲ್ಲ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯದಾಗ ಒಣಮೀನೂ ಹೊಳೆಮೀನೂ ಆ ತೆರವನ್ನು ತುಂಬುತ್ತವೆ.

ಆದರೆ ಈ ಮಾತನ್ನು ಕೇಳಿ ಪರವಶರಾಗುವಂತಿಲ್ಲ. ಸಂಪ್ರದಾಯದ ಅಡುಗೆಯಲ್ಲಿ ಸತ್ವವಿದೆ ಎನ್ನುವುದು ಬೇರೆ, ಅದು ಎಲ್ಲರ ತಟ್ಟೆಗೂ ಬರುತ್ತದೆ ಎನ್ನುವುದು ಬೇರೆ. ತಂಬುಳಿಗೆ ಮಜ್ಜಿಗೆ ಬೇಕು, ಮಜ್ಜಿಗೆಗೆ ಆಕಳು ಬೇಕು. ಕಾಡಿನ ಸೊಪ್ಪು ತರಲು ಬಿಡುವು ಬೇಕು, ಕಾಡಿಗೆ ಹೋಗುವ ಅವಕಾಶವೂ ಬೇಕು. ಹೆದ್ದಾರಿಯ ಅಂಗಡಿಯಲ್ಲಿ ಐದು ರೂಪಾಯಿಯ ಚಿಪ್ಸ್ ಪೊಟ್ಟಣಕ್ಕೆ ಇವು ಯಾವುದೂ ಬೇಡ. ಅದೇ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ರಾಜ್ಯದ ಹೆಂಗಸರಲ್ಲಿ ಶೇ 17.2 ಮಂದಿ ತೂಕ ಕಡಿಮೆಯವರು, ಶೇ 30.1 ಮಂದಿ ತೂಕ ಮೀರಿದವರು. ಕ್ಯಾಲರಿ ಲೆಕ್ಕ ಹಾಕಿಯೇ ಹಸಿವನ್ನು ಅಳೆದ ಕಾಲದ ಕೋಲು ಇಂದಿನ ಹೊಟ್ಟೆಗೆ ಅರ್ಧವಷ್ಟೇ ಹೊಂದುತ್ತದೆ.

ಆ ಕೋಲಿನ ಜಗಳ ಹಳೆಯದು. 1979ರಲ್ಲಿ ಯೋಜನಾ ಆಯೋಗದ ಕಾರ್ಯಪಡೆ ಹಳ್ಳಿಯವನಿಗೆ 2400, ಪೇಟೆಯವನಿಗೆ 2100 ಕಿಲೋಕ್ಯಾಲರಿ ಎಂದು ಹಿಡಿದು ಬಡತನದ ಗೆರೆ ಎಳೆಯಿತು. ಸಂಖ್ಯಾಶಾಸ್ತ್ರಜ್ಞ ಪಿ.ವಿ. ಸುಖಾತ್ಮೆ ಒಪ್ಪಲಿಲ್ಲ. ಒಬ್ಬನೇ ಮನುಷ್ಯನ ಅಗತ್ಯ ವಾರದಿಂದ ವಾರಕ್ಕೆ ಏರಿಳಿಯುತ್ತದೆ, ಕಡಿಮೆ ಉಂಡಾಗ ಮೈ ಹೊಂದಿಕೊಳ್ಳುತ್ತದೆ, ಹಾಗಾಗಿ ಗೆರೆಯ ಕೆಳಗಿನವರೆಲ್ಲ ಹಸಿದವರಲ್ಲ ಎಂದು ವಾದಿಸಿದರು. ರಾಷ್ಟ್ರೀಯ ಪೋಷಣಾ ಸಂಸ್ಥೆಯನ್ನು ಮುನ್ನಡೆಸಿದ್ದ ಸಿ. ಗೋಪಾಲನ್ ಇದಕ್ಕೆ ಕಟುವಾಗಿ ಎದುರಾಡಿದರು. ಮೈ ಹೊಂದಿಕೊಂಡಿತು ಎಂದರೆ ಬೆಳವಣಿಗೆ ಕುಗ್ಗಿತು, ದುಡಿಮೆ ಕುಗ್ಗಿತು ಎಂದರ್ಥ. ಅದನ್ನು ಆರೋಗ್ಯ ಎನ್ನುವುದು ಬಡವನಿಗೆ ಕಡಿಮೆ ಬಡಿಸಲು ಹುಡುಕಿದ ನೆಪ ಎಂಬುದು ಅವರ ನಿಲುವು. ಸುಖಾತ್ಮೆಯವರು ಒಬ್ಬ ಮನುಷ್ಯನ ಮೈಯನ್ನು ನೋಡಿದರು, ಗೋಪಾಲನ್ ಒಂದು ತಲೆಮಾರಿನ ಮೈಯನ್ನು ನೋಡಿದರು. ನೋಡಿದಷ್ಟರ ಮಟ್ಟಿಗೆ ಇಬ್ಬರದೂ ನಿಜ.

ಈ ಜಗಳವನ್ನು ರಾಮನಗುಳಿಯಂಥ ಊರಿಗೆ ತಂದರೆ ಮೂರನೆಯ ಸಂಗತಿಯೊಂದು ಎದ್ದು ಕಾಣುತ್ತದೆ. ಅಂಕಿ ಸರಿಯಿದ್ದರೂ ಅದು ತಟ್ಟೆಗೆ ತಲುಪುವ ದಾರಿ ಬೇರೆ. 2017ರ ಅಕ್ಟೋಬರ್ 2ರಂದು ರಾಜ್ಯ ಸರ್ಕಾರ 'ಮಾತೃಪೂರ್ಣ' ಆರಂಭಿಸಿತು. ಬಸುರಿ, ಬಾಣಂತಿಯರು ಅಂಗನವಾಡಿಗೆ ಬಂದು ಬಿಸಿಯಾದ ಪೂರ್ಣ ಊಟ ಮಾಡಬೇಕು. ಮನೆಗೆ ಕೊಟ್ಟರೆ ಎಲ್ಲರೂ ಹಂಚಿಕೊಂಡು ಅವಳಿಗೆ ಉಳಿಯುವುದಿಲ್ಲ ಎಂಬ ಯೋಚನೆ ಅದರ ಹಿಂದಿತ್ತು. ಕೊನೆಗೆ ಉಣ್ಣುವವಳನ್ನು ಮೊದಲು ಕೂರಿಸುವ ಯೋಚನೆ. ಕಾಗದದ ಮೇಲೆ ಇದಕ್ಕಿಂತ ಒಳ್ಳೆಯದು ಕಷ್ಟ. ಆದರೆ ಮಲೆನಾಡು, ಕರಾವಳಿಯಲ್ಲಿ ಮನೆಗೂ ಮನೆಗೂ ಗುಡ್ಡ, ಹಳ್ಳ. ತುಂಬು ಬಸುರಿ ಸುರಿವ ಮಳೆಯಲ್ಲಿ ಏರಿಳಿದು ಬಂದು ಉಂಡು ಮತ್ತೆ ಗುಡ್ಡ ಹತ್ತುವುದು ಹೇಗೆ ಎಂಬ ದೂರು ಈ ಭಾಗದಿಂದ ಬಲವಾಗಿ ಕೇಳಿಬಂತು. ಮನೆಗೇ ಕೊಡಿ ಎಂದರು. ಮನೆಗೆ ಕೊಟ್ಟರೆ ಅವಳ ಪಾಲು ಕರಗುತ್ತದೆ. ಕೊಡದಿದ್ದರೆ ಅವಳು ಬರುವುದೇ ಇಲ್ಲ. ಇದಕ್ಕೆ ಹೈದರಾಬಾದಿನ ಕೋಷ್ಟಕದಲ್ಲಿ ಉತ್ತರವಿಲ್ಲ.

ಇನ್ನೊಂದು ಉದಾಹರಣೆ. ಕಾಡನ್ನು ನಂಬಿ ಬದುಕುವ ಬುಡಕಟ್ಟುಗಳಿಗೆ ರಾಜ್ಯ ಸರ್ಕಾರ ಮಳೆಗಾಲದ ತಿಂಗಳುಗಳಿಗೆಂದು ಬೇಳೆ, ಕಾಳು, ಎಣ್ಣೆ, ಬೆಲ್ಲ, ಮೊಟ್ಟೆ ಕೊಡುವ ಯೋಜನೆ ತಂದಿತು. 2003ರಲ್ಲಿ ಪರಿಶಿಷ್ಟ ಪಂಗಡದ ಪಟ್ಟಿ ಸೇರಿದ ಸಿದ್ದಿಗಳಿಗೆ ಅದು ಸಿಗುತ್ತದೆ. ಬಹುಕಾಲದಿಂದ ಆ ಪಟ್ಟಿಗಾಗಿ ಕೇಳುತ್ತಿರುವ ಹಾಲಕ್ಕಿಗಳಿಗೆ ಸಿಗುವುದಿಲ್ಲ. ಹಾಲೂಡುವ ಸಿದ್ದಿ ಹೆಂಗಸಿಗೂ ಹಾಲೂಡುವ ಹಾಲಕ್ಕಿ ಹೆಂಗಸಿಗೂ ಕೋಷ್ಟಕ ಹೇಳುವುದು ಅದೇ 600 ಕಿಲೋಕ್ಯಾಲರಿ. ಆ ಕೋಷ್ಟಕ ಜಾತಿ ಕೇಳುವುದಿಲ್ಲ. ಅದರ ದೊಡ್ಡ ಗುಣ ಅದು. ಪಟ್ಟಿ ಕೇಳುತ್ತದೆ.

ಸರ್ಕಾರವೂ ನಿಧಾನವಾಗಿ ಕ್ಯಾಲರಿಯಿಂದಾಚೆ ನೋಡಲು ಕಲಿಯುತ್ತಿದೆ. 2013ರ ಆಗಸ್ಟಿನಲ್ಲಿ ಶಾಲೆಗೆ ಕ್ಷೀರಭಾಗ್ಯದ ಹಾಲು ಬಂತು. ಮೊಟ್ಟೆ ಬರಲು ಬಹಳ ತಡವಾಯಿತು. ಒಲ್ಲದವರಿಗೆ ಬಾಳೆಹಣ್ಣೋ ಚಿಕ್ಕಿಯೋ ಎಂಬ ಆಯ್ಕೆಯೊಂದಿಗೆ ಬಂದ ಮೊಟ್ಟೆ, 2024ರಲ್ಲಿ ಅಜೀಂ ಪ್ರೇಮ್‌ಜಿ ಫೌಂಡೇಶನ್ ನೆರವಿನಿಂದ ವಾರಕ್ಕೆ ಆರು ದಿನಕ್ಕೆ ಏರಿತು. 2023ರಲ್ಲಿ ಕೇಂದ್ರ ಸರ್ಕಾರ ಆಹಾರ ಭದ್ರತಾ ಕಾಯ್ದೆಯ ಅನುಸೂಚಿಯನ್ನೇ ತಿದ್ದಿ, ಶಕ್ತಿ ಮತ್ತು ಪ್ರೋಟೀನಿನ ಜೊತೆಗೆ ಸೂಕ್ಷ್ಮ ಪೋಷಕಾಂಶಗಳನ್ನೂ ಸೇರಿಸಿತು. 2025ರ ಅಕ್ಟೋಬರಿನಲ್ಲಿ ರಾಜ್ಯ ಸಚಿವ ಸಂಪುಟ ತನ್ನ ಉಚಿತ ಅಕ್ಕಿ ಯೋಜನೆಯಾದ ಅನ್ನಭಾಗ್ಯದ ಹೆಚ್ಚುವರಿ 5 ಕೆ.ಜಿ. ಅಕ್ಕಿಯ ಬದಲು ಬೇಳೆ, ಎಣ್ಣೆ, ಸಕ್ಕರೆ, ಉಪ್ಪಿನ ಕಿಟ್ ಕೊಡಲು ತೀರ್ಮಾನಿಸಿತು. ನಮ್ಮ ಕಲ್ಪನೆಯ ಮನೆಗೆ ಆ ಹೆಚ್ಚುವರಿ ಅಕ್ಕಿಯೂ ಬರುತ್ತಿತ್ತು ಎಂದುಕೊಂಡರೆ, ಅಕ್ಕಿಯ ಕ್ಯಾಲರಿ ಇಳಿಯುತ್ತದೆ, ಪ್ರೋಟೀನ್ ಏರುತ್ತದೆ. ಅನ್ನವೇ ಮುಖ್ಯವಾದ ಕೊನೆಗೌಡನಿಗೆ ಇದು ನಷ್ಟ ಎನಿಸಬಹುದು, ಹನ್ನೆರಡರ ಹುಡುಗಿಗೆ ಲಾಭ. ಒಂದೇ ಚೀಲ ಎಲ್ಲ ವಯಸ್ಸಿಗೂ ಸಮನಾಗಿ ಹೊಂದದು ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ.

ಹಾಗಾದರೆ ತೀರ್ಪು? ನನ್ನ ಮಟ್ಟಿಗೆ ಉತ್ತರ ಕೋಷ್ಟಕದ ಒಳಗಿಲ್ಲ, ಅದು ಯಾರ ಕೈಯಲ್ಲಿದೆ ಎಂಬುದರಲ್ಲಿದೆ. ಬಡಿಸುವವರ ಕೈಯಲ್ಲಿದ್ದರೆ ಅದು ಸೌಟು. ಅಂಗನವಾಡಿಗೆ ಎಷ್ಟು ಬೇಳೆ, ಬಿಸಿಯೂಟಕ್ಕೆ ಎಷ್ಟು ತರಕಾರಿ, ಪಡಿತರದಲ್ಲಿ ಏನೇನು ಎಂದು ತೀರ್ಮಾನಿಸುವಾಗ ಅದನ್ನು ಬಿಟ್ಟರೆ ಗತಿಯಿಲ್ಲ. ಅಲ್ಲಿ ಒಂದು ಗ್ರಾಂ ಕಡಿತವನ್ನೂ ಪ್ರಶ್ನಿಸಬೇಕು. ಉಣ್ಣುವವರನ್ನು ತೂಗುವವರ ಕೈಗೆ ಹೋದರೆ ಅದೇ ತಕ್ಕಡಿ. ಒಬ್ಬ ಮನುಷ್ಯನ ತಟ್ಟೆಯನ್ನು ಮಿಲಿಗ್ರಾಂ ಲೆಕ್ಕದಲ್ಲಿ ಅಳೆದು 'ನೀನು ಕೊರತೆಯವನು' ಎಂದು ಹಣೆಪಟ್ಟಿ ಹಚ್ಚುವುದಕ್ಕೆ, ಡಬ್ಬದ ಪುಡಿ ಮಾರುವುದಕ್ಕೆ ಅದನ್ನು ಯಾರೂ ಬರೆದಿರಲಿಲ್ಲ.

ಮನೆಯವರು ಕೋಷ್ಟಕವನ್ನು ಬಾಯಿಪಾಠ ಮಾಡಬೇಕಿಲ್ಲ. ಅದರಿಂದ ನಾಲ್ಕು ಮಾತು ತೆಗೆದುಕೊಂಡರೆ ಸಾಕು. ಕೂಸಿಗೆ ಆರು ತಿಂಗಳವರೆಗೆ ತಾಯಿಯ ಹಾಲೊಂದೇ; ಆಮೇಲೆ ಗಟ್ಟಿಯಾದ ಗಂಜಿ. ಮೈನೆರೆಯುವ ಹುಡುಗಿಗೆ ಅಣ್ಣನಿಗಿಂತ ಹೆಚ್ಚು ಸೊಪ್ಪು, ಮೀನು. ಬಾಣಂತಿಯ ಊಟ ಕಡಿಮೆ ಮಾಡುವುದಲ್ಲ, ಹೆಚ್ಚಿಸುವುದು. ಅಜ್ಜಿಯ ಗಂಜಿಯ ಪಕ್ಕ ಒಂದು ಮೊಟ್ಟೆಯೋ ಲೋಟ ಹಾಲೋ ಮೆತ್ತಗೆ ಬೆಂದ ಬೇಳೆಯೋ ಇರಲಿ. ಇದರ ಜೊತೆಗೆ, ಚಾ ಊಟವಾಗಿ ಒಂದು ತಾಸು ಬಿಟ್ಟು ಕುಡಿದರೂ ಆಸರು ತೀರುತ್ತದೆ.

ಇಷ್ಟು ಮಾಡಿದ ಮೇಲೂ ಒಂದು ಕೆಲಸ ಉಳಿಯುತ್ತದೆ. ಯಾರಿಗೆ ಎಷ್ಟು ಬೇಕೆಂದು ಕೋಷ್ಟಕ ಹೇಳುತ್ತದೆ. ಪಾತ್ರೆಯ ತಳದಲ್ಲಿ ಉಳಿದದ್ದು ಯಾರ ತಟ್ಟೆಗೆ ಬೀಳುತ್ತದೆ ಎಂದು ಹೇಳುವುದಿಲ್ಲ. ಅದನ್ನು ನಾವೇ ನೋಡಿಕೊಳ್ಳಬೇಕು.